ಭೂಮಣ್ಣಿ ಬುಟ್ಟಿಯಿಂದ ಭಾನುವಾರದ ಡಬ್ಬಿಗೆ

ಊಟವನ್ನು ಬಡಿಸುತ್ತೇವೆ, ಬುತ್ತಿಯನ್ನು ಕಟ್ಟುತ್ತೇವೆ. ಕನ್ನಡದಲ್ಲಿ ಈ ಎರಡು ಕ್ರಿಯಾಪದಗಳು ಅದಲುಬದಲಾಗುವುದಿಲ್ಲ. ಬಡಿಸುವಾಗ ಉಣ್ಣುವವರು ಎದುರಿಗೇ ಇರುತ್ತಾರೆ. ಸಾಕು ಎನ್ನುತ್ತಾರೆ, ಇನ್ನಷ್ಟು ಎನ್ನುತ್ತಾರೆ, ಉಪ್ಪು ಕಡಿಮೆ ಎಂದು ಮುಖ ಕಿವುಚುತ್ತಾರೆ. ಕಟ್ಟುವಾಗ ಹಾಗಲ್ಲ. ಐದು ಗಂಟೆ ಆಮೇಲೆ, ಹತ್ತಾರು ಮೈಲಿ ಆಚೆ ಹಸಿಯುವ ಮಗುವನ್ನು ಈಗಲೇ ಊಹಿಸಿಕೊಳ್ಳಬೇಕು. ಎಷ್ಟು ಹಸಿವಾದೀತು, ಬಿಸಿಲಿಗೆ ಹಳಸೀತೆ, ಖಾರವಾದರೆ ಕುಡಿಯಲು ನೀರು ಸಿಕ್ಕೀತೆ ಎಂಬ ಲೆಕ್ಕವೆಲ್ಲ ಕಟ್ಟುವವರ ತಲೆಯಲ್ಲೇ ನಡೆಯಬೇಕು. ಈ ಲೆಕ್ಕ ಹಾಕಿದವರು ಬಹುತೇಕ ಹೆಂಗಸರು. ಅದನ್ನು ಬರೆದಿಟ್ಟವರು ತೀರಾ ಕಡಿಮೆ.

ಅಡುಗೆಯ ಬಗ್ಗೆ ನಮ್ಮಲ್ಲಿ ಬರವಣಿಗೆಯೇ ಇಲ್ಲವೆಂದಲ್ಲ. ಸುಮಾರು 1025ರ ಹೊತ್ತಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಪಾಕದ ಅಧ್ಯಾಯವಿದೆ. 12ನೇ ಶತಮಾನದ ಚಾಲುಕ್ಯ ದೊರೆ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವಿದೆ, ವನಕ್ರೀಡೆಯೂ ಇದೆ. ಮೂರನೇ ಮಂಗರಸ ‘ಸೂಪಶಾಸ್ತ್ರ’ ಎಂಬ ಇಡೀ ಕಾವ್ಯವನ್ನೇ ಅಡುಗೆಗೆ ಮೀಸಲಿಟ್ಟ. ನಮ್ಮ ಜಿಲ್ಲೆಯವನೇ ಆದ ಕೆಳದಿಯ ಬಸವಪ್ಪ ನಾಯಕ 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವ ರತ್ನಾಕರ’ ಅಡುಗೆಮನೆ, ಪಾತ್ರೆ, ಅಕ್ಕಿಯ ಬಗೆಗಳ ತನಕ ಇಳಿದು ಮಾತಾಡುತ್ತದೆ. ಆದರೆ ಇವೆಲ್ಲ ಅರಮನೆಯ ಕಡೆಯಿಂದ ಕಂಡ ಅನ್ನ. ಅರಸರು ವನಕ್ಕೆ ಹೊರಟರೆ ಅಡುಗೆಯವರೇ ಹಿಂದೆ ಹೋದಾರು. ಅವರಿಗೆ ಬುತ್ತಿ ಕಟ್ಟಿಕೊಳ್ಳುವ ಗರಜು ಎಲ್ಲಿಯದು?

ಬುತ್ತಿ ಉಳಿದುಕೊಂಡದ್ದು ಕಥೆಗಳಲ್ಲಿ. ಕುಚೇಲ ದ್ವಾರಕೆಗೆ ಒಯ್ದದ್ದು ಬಟ್ಟೆಯ ತುದಿಯಲ್ಲಿ ಗಂಟು ಹಾಕಿದ ಅವಲಕ್ಕಿ. ಒಲೆ ಬೇಡ, ಪಾತ್ರೆ ಬೇಡ, ದಿನಗಟ್ಟಲೆ ಕೆಡುವುದಿಲ್ಲ. ದಾರಿಗೆ ಹೇಳಿ ಮಾಡಿಸಿದ ತಿನಿಸು. ಭಾಗವತದ ದಶಮಸ್ಕಂಧದಲ್ಲಿ ಕೃಷ್ಣ ಮತ್ತು ಗೊಲ್ಲರ ಹುಡುಗರು ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚುವ ಪ್ರಸಂಗವಂತೂ ಮಕ್ಕಳ ಹೊರಾಂಗಣ ಊಟದ ವಿವರವಾದ ಚಿತ್ರ. ಎಲೆ, ತೊಗಟೆ, ಕಲ್ಲು, ಸಿಕ್ಕಿದ್ದೇ ತಟ್ಟೆ. ಒಬ್ಬೊಬ್ಬನೂ ತನ್ನ ಮನೆಯ ರುಚಿಯನ್ನು ಇನ್ನೊಬ್ಬನಿಗೆ ತೋರಿಸುತ್ತಾನೆ. ಊಟದ ಗಲಾಟೆಯಲ್ಲಿ ಕರುಗಳು ದೂರ ಹೋದದ್ದೂ ತಿಳಿಯುವುದಿಲ್ಲ. ಇಲ್ಲಿಯೂ ಬುತ್ತಿ ಕಟ್ಟಿಕೊಟ್ಟ ತಾಯಂದಿರು ಪರದೆಯ ಹಿಂದೆಯೇ ಇದ್ದಾರೆ.

ಶಿವಮೊಗ್ಗ ಸೀಮೆಯಲ್ಲಿ ಆ ಪರದೆ ವರ್ಷಕ್ಕೊಮ್ಮೆ ಸರಿಯುತ್ತದೆ. ಅದು ಭೂಮಿ ಹುಣ್ಣಿಮೆ. ಕೆಲವರು ಸೀಗೆ ಹುಣ್ಣಿಮೆ ಎನ್ನುತ್ತಾರೆ. ಆಶ್ವಯುಜ ಮಾಸದ ಹುಣ್ಣಿಮೆಯ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆಯಾಗಿರುತ್ತದೆ, ತೆನೆ ಇನ್ನೂ ಹೊರಬಂದಿರುವುದಿಲ್ಲ. ಭೂಮಿ ಬಸುರಿ, ಬಸುರಿಗೆ ಬಯಕೆ ತೀರಿಸಬೇಕು. ಈ ಒಂದು ಎಣಿಕೆಯ ಮೇಲೆ ಇಡೀ ಹಬ್ಬ ನಿಂತಿದೆ. ಹಿಂದಿನ ರಾತ್ರಿ ಹೆಂಗಸರು ಮಲಗುವುದಿಲ್ಲ. ಬೇಲಿ ಸಾಲಿನ, ಗದ್ದೆ ಬದುವಿನ, ಕಾಡಂಚಿನ ಹತ್ತಾರು ಬಗೆಯ ಸೊಪ್ಪುಗಳನ್ನು ತಂದು ಬೆರಕೆಯಾಗಿ ಬೇಯಿಸುತ್ತಾರೆ. ಕಡುಬು, ಕಜ್ಜಾಯ, ಚಿತ್ರಾನ್ನ, ಮೊಸರನ್ನ, ಸೌತೆ, ಹೀರೆ, ಅಮಟೆಕಾಯಿ ಎಂದು ಮನೆಯಿಂದ ಮನೆಗೆ ಪಟ್ಟಿ ಬದಲಾಗುತ್ತದೆ. ಸೊಪ್ಪು ಮಾತ್ರ ತಪ್ಪುವುದಿಲ್ಲ.

ಇದನ್ನೆಲ್ಲ ಹೊರುವುದು ಭೂಮಣ್ಣಿ ಬುಟ್ಟಿ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿ ಬಣ್ಣವನ್ನು ಪುಂಡಿನಾರಿನ ಕುಂಚದಲ್ಲಿ ಅದ್ದಿ, ಅದರ ಮೈತುಂಬ ಚಿತ್ತಾರ ಬರೆಯುತ್ತಾರೆ. ಒಂದು ದೊಡ್ಡ ಬುಟ್ಟಿ, ಒಂದು ಚಿಕ್ಕದು. ಈಚಿನ ವರ್ಷಗಳಲ್ಲಿ ಈ ಚಿತ್ತಾರ ಕಲಾಪ್ರದರ್ಶನಗಳಿಗೂ ಗೋಡೆ ಅಲಂಕಾರಕ್ಕೂ ಹೋಗಿದೆ. ಒಳ್ಳೆಯದೇ. ಆದರೆ ಪ್ರದರ್ಶನದಲ್ಲಿ ಖಾಲಿ ಬುಟ್ಟಿಯನ್ನು ಕಂಡವರಿಗೆ ಅದು ಊಟದ ಡಬ್ಬಿ ಎಂಬುದು ಹೊಳೆಯುವುದು ಕಷ್ಟ. ನನ್ನ ಮಟ್ಟಿಗೆ ಕರ್ನಾಟಕದ ಅತ್ಯಂತ ಚೆಲುವಾದ ಊಟದ ಡಬ್ಬಿ ಅದೇ.

ಬೆಳಗಿನ ಜಾವ ಬುಟ್ಟಿ ಗದ್ದೆಗೆ ಹೋಗುತ್ತದೆ. ಭತ್ತದ ಬುಡಕ್ಕೆ ಪೂಜೆ, ತಾಳಿ-ಬಳೆಯ ಅಲಂಕಾರ, ಆಮೇಲೆ ಎಡೆ. ಸೊಪ್ಪಿನ ಬೆರಕೆಯನ್ನು ಗದ್ದೆಗೆಲ್ಲ ಬೀರುತ್ತಾರೆ. ಕಾಗೆಗೆ ಒಂದು ಪಾಲು, ಇಲಿಗೆ ಒಂದು ಪಾಲು. ಕೊನೆಗೆ ಮನೆಯವರೆಲ್ಲ ಬದುವಿನ ಮೇಲೋ ಮರದ ನೆರಳಲ್ಲೋ ಬಾಳೆಲೆ ಹಾಸಿ ಕೂರುತ್ತಾರೆ. ನಾವು ಇಂದು ಪಿಕ್ನಿಕ್ ಎಂದು ಕರೆಯುವುದರ ಎಲ್ಲ ಅಂಗಗಳೂ ಇಲ್ಲಿವೆ: ಮನೆಮಂದಿಯೆಲ್ಲ ಹೊರಡುವುದು, ಮೊದಲೇ ಬೇಯಿಸಿದ್ದನ್ನು ಕಟ್ಟಿ ಒಯ್ಯುವುದು, ಬಯಲಲ್ಲಿ ಉಣ್ಣುವುದು, ಮಕ್ಕಳು ಊಟಕ್ಕಿಂತ ನೀರಿನ ಕಾಲುವೆಯ ಮೇಲೆಯೇ ಕಣ್ಣಿಟ್ಟಿರುವುದು. ಒಂದೇ ವ್ಯತ್ಯಾಸ. ಅವರು ಹೋಗುತ್ತಿದ್ದದ್ದು ನೋಡುವ ಸ್ಥಳಕ್ಕಲ್ಲ, ದುಡಿಯುವ ಸ್ಥಳಕ್ಕೆ. ವರ್ಷವಿಡೀ ಬೆವರು ಸುರಿಸಿದ ಜಾಗಕ್ಕೆ ಒಂದು ದಿನ ನೆಂಟರ ಹಾಗೆ ಹೋಗುವುದು. ಉಳಿದ ದಿನಗಳಲ್ಲಿ ಗದ್ದೆಗೆ ಹೋಗುತ್ತಿದ್ದ ಬುತ್ತಿ ಬೇರೆಯದೇ ಆಗಿತ್ತು; ಅಕ್ಕಿರೊಟ್ಟಿ, ಗಂಜಿ, ಚಟ್ನಿ, ಬಯಲುಸೀಮೆಯತ್ತ ಸರಿದರೆ ರಾಗಿಮುದ್ದೆ.

ಬುತ್ತಿ ಗದ್ದೆಯನ್ನು ಬಿಟ್ಟು ದೂರ ಹೋಗಲು ರೈಲು ಬರಬೇಕಾಯಿತು. ಬೀರೂರಿನಿಂದ ಭದ್ರಾವತಿಯ ಮೇಲೆ ಶಿವಮೊಗ್ಗಕ್ಕೆ ರೈಲುದಾರಿ ತೆರೆದದ್ದು 1899ರಲ್ಲಿ. ಭದ್ರಾವತಿಗೆ ಆಗ ಬೆಂಕಿಪುರವೆಂಬ ಹೆಸರಿತ್ತು. ಇದೇ ದಾರಿ 1940ರ ಹೊತ್ತಿಗೆ ಸಾಗರ ದಾಟಿ ತಾಳಗುಪ್ಪ ಮುಟ್ಟಿತು. ಅಲ್ಲಿಂದ ಜೋಗ ಕೂಗಳತೆಯಲ್ಲದಿದ್ದರೂ ಗಾಡಿಯಳತೆ. ರೈಲಿನಲ್ಲಿ ಬುತ್ತಿ ಹಸಿವಿಗಿಂತ ಹೆಚ್ಚಿನ ಕೆಲಸ ಮಾಡಬೇಕಿತ್ತು. ಒಂದೇ ಹಲಗೆಯ ಮೇಲೆ ಎಲ್ಲ ಜಾತಿಯವರೂ ಒತ್ತಿಕೊಂಡು ಕೂರುವಲ್ಲಿ, ಯಾರು ಮಾಡಿದ್ದನ್ನು ಯಾರು ಮುಟ್ಟಬಹುದು ಎಂಬ ಪ್ರಶ್ನೆಗೆ ಬುತ್ತಿ ಗಂಟೇ ಉತ್ತರ. ಮನೆಯ ಅನ್ನ ಕಟ್ಟಿಕೊಂಡು ಹೊರಟವರು ಮನೆಯ ಗಡಿಯನ್ನೂ ಜೊತೆಗೇ ಕಟ್ಟಿಕೊಂಡು ಹೊರಟಿದ್ದರು. ಎಣ್ಣೆ-ತುಪ್ಪದಲ್ಲಿ ಕರಿದದ್ದಕ್ಕೆ, ಅವಲಕ್ಕಿಗೆ, ಹಣ್ಣಿಗೆ ಮೈಲಿಗೆ ಕಡಿಮೆ. ನೀರಲ್ಲಿ ಬೆಂದ ಅನ್ನಕ್ಕೆ ಹೆಚ್ಚು. ಪ್ರಯಾಣಕ್ಕೆ ಚಕ್ಕುಲಿ, ಕೋಡುಬಳೆ, ಉಂಡೆ ಮಾಡುವ ರೂಢಿಯ ಹಿಂದೆ ಬಾಳಿಕೆಯ ಜಾಣತನವಿದೆ, ಈ ಲೆಕ್ಕವೂ ಇದೆ. ‘ಅಜ್ಜಿಯ ಕಾಲದ ಬುತ್ತಿ’ ಎಂದು ಹಾಡಿ ಹೊಗಳುವಾಗ ನಾವು ಇದನ್ನು ಬಿಟ್ಟುಬಿಡುತ್ತೇವೆ.

ಇನ್ನೂ ಒಂದನ್ನು ಬಿಡುತ್ತೇವೆ. ಬುತ್ತಿ ಎಂದೊಡನೆ ಪತ್ರಿಕೆಗಳ ಅಡುಗೆ ಪುಟಗಳಿಗೆ ನೆನಪಾಗುವುದು ಪುಳಿಯೋಗರೆ, ಮೊಸರನ್ನ. ಮಲೆನಾಡಿನ ಎಷ್ಟೋ ಮನೆಗಳ ಗಂಟಿನಲ್ಲಿ ಇದ್ದದ್ದು ರೊಟ್ಟಿಯ ಜೊತೆ ಒಣಮೀನಿನ ಅಥವಾ ಸೀಗಡಿಯ ಚಟ್ನಿ, ಬೇಯಿಸಿದ ಮೊಟ್ಟೆ. ಕೆಡದಿರುವ ಗುಣದಲ್ಲಿ ಒಣಮೀನು ಯಾವ ಪುಳಿಯೋಗರೆಗೂ ಕಡಿಮೆಯಲ್ಲ, ಮಕ್ಕಳ ಬೆಳವಣಿಗೆಗೆ ಬೇಕಾದ ಪ್ರೋಟೀನಿನಲ್ಲಂತೂ ಬಹಳ ಮುಂದೆ. ಆದರೆ ಅದರ ವಾಸನೆ ಸುತ್ತಲಿನವರಿಗೆ ತಿಳಿಯುತ್ತದೆ. ಹಾಗಾಗಿ ಅದು ರೈಲಿಗೂ ಉದ್ಯಾನಕ್ಕೂ ಬರಲಿಲ್ಲ, ಗದ್ದೆಯಲ್ಲೇ ಉಳಿಯಿತು. ಪೇಟೆಗೆ ಬಂದ ಮೇಲೆ ಎಷ್ಟೋ ಮನೆಗಳು ಮನೆಯೊಳಗೆ ಒಂದು, ಹೊರಗೆ ಬಿಚ್ಚುವ ಡಬ್ಬಿಗೆ ಇನ್ನೊಂದು ಎಂಬ ಎರಡು ಅಡುಗೆಯನ್ನು ರೂಢಿಸಿಕೊಂಡವು.

ಡಬ್ಬಿ ಎಂದೆ. ಡಬ್ಬಿಯ ಚರಿತ್ರೆಗೆ ಭದ್ರಾವತಿಯೇ ಸರಿಯಾದ ಊರು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕೆಲಸ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಗಾಲದಲ್ಲಿ, 1918ರಲ್ಲಿ, ಮೊದಲಾಗಿ, 1923ರಲ್ಲಿ ಕುಲುಮೆ ಉರಿಯಿತು. ಆ ಕುಲುಮೆ ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕನ್ನಡದ ಜೊತೆ ತಮಿಳು, ತೆಲುಗು, ಉರ್ದು, ಮಲಯಾಳ, ಕೊಂಕಣಿ ಮಾತಾಡುವವರು ಬಂದು ನೆಲೆಸಿದರು. ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳು ಎದ್ದವು. ಕುಲುಮೆಯನ್ನು ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸುವಂತಿಲ್ಲ, ಹಾಗಾಗಿ ಪಾಳಿ. ಪಾಳಿ ಎಂದರೆ ಡಬ್ಬಿ. ಗಂಟು ಹೋಗಿ ಕೊಂಡಿಯಿರುವ ಕ್ಯಾರಿಯರ್ ಬಂತು; ಹಿತ್ತಾಳೆಯದು, ಅಲ್ಯೂಮಿನಿಯಮ್ಮಿನದು, ಕೊನೆಗೆ ಸ್ಟೀಲಿನದು. ಗಂಟಿನಲ್ಲಿ ಎಲ್ಲವೂ ಒಂದಾಗಿ ಕಲೆಯುತ್ತಿತ್ತು, ಕಲಸಿದ ಅನ್ನವೇ ಅದಕ್ಕೆ ತಕ್ಕದ್ದು. ಡಬ್ಬಿಯಲ್ಲಿ ಅನ್ನ ಬೇರೆ, ಸಾರು ಬೇರೆ, ಪಲ್ಯ ಬೇರೆ. ಮನೆಯೂಟದ ಅಂತಸ್ತುಗಳು ಹಾಗೆಯೇ ಒಂದರ ಮೇಲೊಂದು ಕೂತು ಹೊರಟವು.

ಕಾನೂನೂ ಡಬ್ಬಿಗೆ ಜಾಗ ಮಾಡಿಕೊಟ್ಟಿತು. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 150ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ತಂದ ಬುತ್ತಿ ಉಣ್ಣಲು ಕೋಣೆ ಇರಬೇಕಿತ್ತು, 250 ದಾಟಿದರೆ ಕ್ಯಾಂಟೀನು ಇರಬೇಕಿತ್ತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕಿತ್ತು. ವಾರಕ್ಕೊಂದು ರಜೆಯಂತೂ 1891ರ ಕಾಯ್ದೆಯಿಂದಲೇ ಬಂದದ್ದು. ರೈತನಿಗೆ ಭಾನುವಾರವಿಲ್ಲ, ಹುಣ್ಣಿಮೆ, ಅಮಾವಾಸ್ಯೆ, ಹಬ್ಬ, ಜಾತ್ರೆಗಳಿವೆ. ಕಾರ್ಖಾನೆಯವನಿಗೆ ಮತ್ತು ಶಾಲೆಯ ಮಗುವಿಗೆ ಭಾನುವಾರವಿದೆ. ‘ಮನೆಮಂದಿಯೆಲ್ಲ ಒಂದು ದಿನ ಎಲ್ಲಾದರೂ ಹೋಗಿಬರೋಣ’ ಎಂಬ ಮಾತು ಹುಟ್ಟಲು ಈ ಭಾನುವಾರವೇ ಬೇಕಿತ್ತು. ಪಾಳಿಯ ಮನೆಗಳಲ್ಲಿ ಅದೂ ಸುಲಭವಲ್ಲ. ಅಪ್ಪನ ವಾರದ ರಜೆ ಬುಧವಾರ ಬಿದ್ದರೆ ಮಕ್ಕಳಿಗೆ ಶಾಲೆ. ಎರಡೂ ಕೂಡಿಬಂದ ಭಾನುವಾರಕ್ಕೆ ಹಬ್ಬದ ಬೆಲೆ.

ಹೋಗುವುದೆಲ್ಲಿಗೆ? ತುಂಗಾ-ಭದ್ರೆಯರು ಸೇರುವ ಕೂಡಲಿಗೆ. ಗಾಜನೂರಿನ ಅಣೆಕಟ್ಟಿಗೆ. 1960ರ ದಶಕದಿಂದೀಚೆಗೆ ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ. ಮಳೆಗಾಲದಲ್ಲಿ ಮಂಡಗದ್ದೆಯ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ ನೋಡಲು. ಸಕ್ರೆಬೈಲಿನ ಆನೆ ಬಿಡಾರಕ್ಕೆ. 1988ರಿಂದ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ. ದೊಡ್ಡ ಮಟ್ಟದಲ್ಲಿ ಹೊರಟರೆ ಜೋಗಕ್ಕೆ. ಈ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಅಣೆಕಟ್ಟುಗಳ ಸಂಖ್ಯೆ. ಅಣೆಕಟ್ಟು ಕಟ್ಟಿದ ಕಡೆ ಉದ್ಯಾನ, ಉದ್ಯಾನದ ಪಕ್ಕ ಹುಲ್ಲುಹಾಸು, ಹುಲ್ಲುಹಾಸಿನ ಮೇಲೆ ಜಮಖಾನ. ನಮ್ಮ ಭಾನುವಾರದ ಬುತ್ತಿ ಬಿಚ್ಚಿಕೊಂಡದ್ದು ಬಹುಪಾಲು ಕಟ್ಟಿನಿಲ್ಲಿಸಿದ ನೀರಿನ ಎದುರಿಗೆ.

ಇನ್ನು ಡಬ್ಬಿಯ ಒಳಗೆ. ಬೆಂದ ಅನ್ನ ನಾವು ತಿಳಿದಷ್ಟು ಸಾಧು ಪದಾರ್ಥವಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಅನ್ನ ಬೇಯುವ ಬಿಸಿಗೂ ಸಾಯುವುದಿಲ್ಲ. ಉಗುರುಬೆಚ್ಚಗೆ ಗಂಟೆಗಟ್ಟಲೆ ಮುಚ್ಚಿಟ್ಟರೆ ಮೊಳೆತು ಹೆಚ್ಚುತ್ತವೆ. ವಾಂತಿ ತರುವ ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಈ ಹೆಸರುಗಳೊಂದೂ ಗೊತ್ತಿಲ್ಲದೆ ನಮ್ಮ ಹೆಂಗಸರು ಇದಕ್ಕೆ ಪರಿಹಾರ ಕಂಡುಕೊಂಡಿದ್ದರು: ಹುಳಿ. ಹುಣಿಸೆ, ನಿಂಬೆ, ಮೊಸರು. ಹುಳಿ ಹೆಚ್ಚಿದಲ್ಲಿ ಇಂಥ ಸೂಕ್ಷ್ಮಾಣು ಬೆಳೆಯದು. ಪುಳಿಯೋಗರೆಯ ಗೊಜ್ಜು ಎಣ್ಣೆಯಲ್ಲಿ ಕುದಿದು ನೀರು ಕಳೆದುಕೊಂಡಿರುತ್ತದೆ, ಆದ್ದರಿಂದ ಅದು ಎಲ್ಲಕ್ಕಿಂತ ಗಟ್ಟಿ. ಚಿತ್ರಾನ್ನಕ್ಕೆ ಹಸಿ ಕಾಯಿತುರಿ ಬಿದ್ದರೆ ಮಧ್ಯಾಹ್ನದೊಳಗೆ ಉಂಡು ಮುಗಿಸಬೇಕು. ಯಾವ ಅನ್ನವನ್ನೇ ಆಗಲಿ ಅಗಲ ತಟ್ಟೆಯಲ್ಲಿ ಆರಿಸದೆ ಬಿಸಿಬಿಸಿಯಾಗಿ ಮುಚ್ಚಳ ಬಿಗಿದರೆ ಅದು ಒಳಗೇ ಬೆವರಿ ಹಳಸುತ್ತದೆ. ಎಲ್ಲಕ್ಕಿಂತ ಜಾಣ ಲೆಕ್ಕ ಮೊಸರು ಬುತ್ತಿಯದು. ಬೆಳಿಗ್ಗೆ ಅನ್ನವನ್ನು ಮೆತ್ತಗೆ ಹಿಸುಕಿ, ಹಾಲು ಹೆಚ್ಚು ಸುರಿದು, ಮೊಸರು ಹೆಪ್ಪಿಗಾಗುವಷ್ಟು ಮಾತ್ರ ಹಾಕುತ್ತಾರೆ. ಡಬ್ಬಿ ದಾರಿ ಸವೆಸುವ ಹೊತ್ತಿನಲ್ಲಿ ಹಾಲು ಹೆಪ್ಪುಗಟ್ಟುತ್ತದೆ. ಬಿಚ್ಚುವಾಗ ಮಗುವಿನ ನಾಲಗೆಗೆ ಹಿತವಾದ, ಹುಳಿ ಬಾರದ ಮೊಸರನ್ನ. ಪ್ರಯಾಣದ ಸಮಯವನ್ನೇ ಅಡುಗೆಯ ಸಮಯವಾಗಿಸಿದ ಈ ಉಪಾಯಕ್ಕೆ ಯಾವ ಸೂಪಶಾಸ್ತ್ರದಲ್ಲಿ ಕರ್ತೃವಿನ ಹೆಸರಿದೆ?

ಆದರೆ ಕೆಡದಿರುವುದು ಒಂದು, ಮೈಗೆ ಹಿಡಿಸುವುದು ಇನ್ನೊಂದು. ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಕಾಣುವುದು ಅನ್ನ, ಅನ್ನ, ಅನ್ನ. ಮನೆಯಲ್ಲಿ ಕುಟ್ಟಿದ ಅಕ್ಕಿಯ ಕಾಲದಲ್ಲಿ ತೌಡಿನ ಅಂಶವಾದರೂ ಜೊತೆಗಿತ್ತು. ಗಿರಣಿಯಲ್ಲಿ ಪಾಲಿಶ್ ಆದ ಬಿಳಿ ಅಕ್ಕಿಯಲ್ಲಿ ತೌಡಿನ ಜೊತೆ ಥಯಾಮಿನ್ನಿನ ಬಹುಪಾಲೂ ಹೋಗುತ್ತದೆ. ಒಗ್ಗರಣೆಯ ಕಡಲೆಬೇಳೆ, ನೆಲಗಡಲೆಗಳನ್ನು ಮಕ್ಕಳು ಬೆರಳಲ್ಲಿ ಎತ್ತಿ ಬದಿಗಿಡುವುದೂ ನಮಗೆ ಗೊತ್ತಿದ್ದದ್ದೇ. ಗದ್ದೆಯಿಂದ ಉದ್ಯಾನಕ್ಕೆ ಬರುವ ದಾರಿಯಲ್ಲಿ ಬುತ್ತಿ ಕಳೆದುಕೊಂಡದ್ದು ಸೊಪ್ಪನ್ನು. ಬೆಂದ ಸೊಪ್ಪು ನೀರು ಬಿಡುತ್ತದೆ, ಬೇಗ ಕೆಡುತ್ತದೆ, ಕಲಸನ್ನದ ಅಂದಕ್ಕೆ ಒಗ್ಗುವುದಿಲ್ಲ. ಭೂಮಿ ಹುಣ್ಣಿಮೆಯ ಬುಟ್ಟಿಯಲ್ಲಿ ಸೊಪ್ಪು ಇರಬಹುದಿತ್ತು, ಏಕೆಂದರೆ ಗದ್ದೆ ಹತ್ತಿರವಿತ್ತು; ಬೆಳಗಿನ ಜಾವ ಹೊತ್ತದ್ದು ಹೊತ್ತೇರುವ ಮೊದಲೇ ಇಳಿಯುತ್ತಿತ್ತು. ಬಸುರಿ ಭೂಮಿಗೆ ಬೇಕೆಂದು ಹೆಂಗಸರು ಊಹಿಸಿದ ಸೊಪ್ಪು, ಹುಳಿಕಾಯಿ, ತರಕಾರಿ, ಕಾಳು ಎಲ್ಲ ಬಸುರಿ ಹೆಂಗಸಿಗೂ ಬೆಳೆಯುವ ಮಕ್ಕಳಿಗೂ ಬೇಕಾದದ್ದೇ. ವರ್ಷಕ್ಕೊಮ್ಮೆ ಭೂಮಿಯ ನೆಪದಲ್ಲಿ ಅವರು ತಮ್ಮ ಬಯಕೆಯ ಪಟ್ಟಿಯನ್ನೇ ಬುಟ್ಟಿಗೆ ತುಂಬಿದರೇನೋ ಎಂದು ನನಗೆ ಅನ್ನಿಸುವುದುಂಟು. ಇದು ದಾಖಲೆಯ ಮಾತಲ್ಲ, ಊಹೆ.

ದೂರದ ಬುತ್ತಿಗೂ ಸೊಪ್ಪು-ತರಕಾರಿ ಸೇರಿಸುವ ದಾರಿಗಳು ಇಲ್ಲದಿಲ್ಲ. ನುಗ್ಗೆಸೊಪ್ಪನ್ನೋ ಮೆಂತ್ಯಸೊಪ್ಪನ್ನೋ ಹಿಟ್ಟಿಗೇ ಕಲಸಿ ತಟ್ಟಿದ ರೊಟ್ಟಿ ಸಂಜೆಯವರೆಗೂ ಇರುತ್ತದೆ. ಒಂದೆಲಗದ ಚಟ್ನಿಯನ್ನು ನೀರು ತಾಕಿಸದೆ ಹುರಿದು ಗಟ್ಟಿಯಾಗಿ ರುಬ್ಬಬಹುದು. ಸೌತೆಕಾಯಿಯನ್ನು ಮನೆಯಲ್ಲೇ ಹೆಚ್ಚಿ ಉಪ್ಪು ಹಾಕಿ ನೀರಾಗಿಸುವ ಬದಲು ಇಡಿಯಾಗಿ ಒಯ್ದು ಹೊಳೆದಂಡೆಯಲ್ಲಿ ಹೆಚ್ಚುವುದು. ಸಿಪ್ಪೆಯೇ ಡಬ್ಬಿಯಾಗಿರುವ ಪುಟ್ಟಬಾಳೆ, ಚಿಪ್ಪೇ ಡಬ್ಬಿಯಾಗಿರುವ ಮೊಟ್ಟೆ. 2022ರಿಂದ ರಾಜ್ಯದ ಎಲ್ಲ ಜಿಲ್ಲೆಗಳ ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಿದೆ. ಪ್ರವಾಸದ ಡಬ್ಬಿಗೆ ಬರಲು ಅದಕ್ಕೇನು ಅಡ್ಡಿ ಎಂಬುದಕ್ಕೆ ಉತ್ತರ ಪೋಷಕಾಂಶದಲ್ಲಿಲ್ಲ, ಮೇಲೆ ಹೇಳಿದ ರೈಲಿನ ಹಲಗೆಯಲ್ಲಿದೆ.

1980ರ ದಶಕದಿಂದೀಚೆಗೆ ಪೊಟ್ಟಣಗಳು ಬಂದವು. ಮೊದಲು ಬೇಕರಿಯ ಬನ್ನು-ಬಿಸ್ಕತ್ತು ಬುತ್ತಿಯ ಪಕ್ಕದಲ್ಲಿ ಕೂತವು, ಆಮೇಲೆ ಚಿಪ್ಸು ಬುತ್ತಿಯನ್ನೇ ಆಚೆ ತಳ್ಳಿತು. ನಾಲ್ಕಕ್ಕೆ ಏಳಬೇಕಾದ ತಾಯಿಗೆ ಪೊಟ್ಟಣ ಎರಡು ಗಂಟೆಯ ನಿದ್ದೆ ಕೊಟ್ಟಿತು ಎಂಬುದನ್ನು ಮರೆತು ಪೊಟ್ಟಣವನ್ನು ಬೈಯುವುದು ನ್ಯಾಯವಲ್ಲ. ಭಾನುವಾರ ಎಲ್ಲರಿಗೂ ರಜೆ, ಅವಳಿಗೆ ಎರಡು ಪಾಳಿ. ಗಂಡಸರು ಡಬ್ಬಿ ಹೊರುತ್ತಾರೆ, ಕಾರಿಗೆ ಇಡುತ್ತಾರೆ. ನಾಲ್ಕಕ್ಕೆ ಅವರೂ ಎದ್ದು ಕಾಯಿ ತುರಿದಿದ್ದರೆ ಪೊಟ್ಟಣ ಇಷ್ಟು ಸುಲಭವಾಗಿ ಗೆಲ್ಲುತ್ತಿರಲಿಲ್ಲ. 2020ರ ಆಹಾರ ಸುರಕ್ಷತಾ ನಿಯಮಗಳು ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸುಗಳನ್ನು ಶಾಲೆಯಲ್ಲೂ ಅದರ ಸುತ್ತಲಿನ 50 ಮೀಟರಿನಲ್ಲೂ ಮಾರಬಾರದೆನ್ನುತ್ತವೆ. ಜೋಗದ ಮೆಟ್ಟಿಲುಗಳಿಗೆ ಆ 50 ಮೀಟರು ಅನ್ವಯಿಸದು. ರಾಜ್ಯ 2016ರಲ್ಲಿ ಪ್ಲಾಸ್ಟಿಕ್ ನಿಷೇಧಿಸಿತು, ದೇಶ 2022ರಲ್ಲಿ ಒಮ್ಮೆ ಬಳಸಿ ಎಸೆಯುವುದನ್ನು ನಿಷೇಧಿಸಿತು. ಪೊಟ್ಟಣದ ಹೊರಕವಚ ಎರಡರ ನಡುವೆಯೂ ನುಸುಳಿಕೊಂಡು ಹೊಳೆದಂಡೆ ಸೇರುತ್ತಿದೆ. ಅಡಿಕೆ ಹಾಳೆ, ಬಾಳೆಲೆ, ಮುತ್ತುಗದ ಎಲೆಗಳಲ್ಲಿ ಕಟ್ಟುತ್ತಿದ್ದ ಕಾಲದಲ್ಲಿ ಉಂಡು ಎಸೆದದ್ದನ್ನು ದನ ತಿನ್ನುತ್ತಿತ್ತು, ಉಳಿದದ್ದು ಮಣ್ಣಾಗುತ್ತಿತ್ತು.

ಸಕ್ರೆಬೈಲಿಗೆ ಬೆಳಿಗ್ಗೆ ಹೋದರೆ ಮಕ್ಕಳು ಚಿಪ್ಸಿನ ಪೊಟ್ಟಣ ಹಿಡಿದು ನಿಂತು ಆನೆಯ ಊಟ ನೋಡುತ್ತಿರುತ್ತಾರೆ. ಮಾವುತರು ಭತ್ತ-ಬೆಲ್ಲವನ್ನು ಹುಲ್ಲಿನಲ್ಲಿ ಸುತ್ತಿ ಆನೆಯ ಬಾಯಿಗಿಡುತ್ತಾರೆ. ಆನೆಗೆ ಇನ್ನೂ ಬುತ್ತಿ ಕಟ್ಟುತ್ತಿದ್ದಾರೆ ಎಂದು ನಾನೊಮ್ಮೆ ಅಂದಾಗ ಜೊತೆಗಿದ್ದವರು ನಕ್ಕರು.

ಭದ್ರಾವತಿಯಲ್ಲಿ ಡಬ್ಬಿಗಳು ಕಡಿಮೆಯಾಗಿವೆ. ಕಾಗದ ಕಾರ್ಖಾನೆ ನಿಂತು ಸುಮಾರು ಒಂದು ದಶಕವಾಯಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು 2023ರ ಆರಂಭದಲ್ಲಿ ಬಂದು, ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷ ಸಣ್ಣ ಪ್ರಮಾಣದಲ್ಲಿ ಕೆಲಸ ಮತ್ತೆ ಮೊದಲಾಯಿತು. ಪಾಳಿ ಇಲ್ಲದ ಮನೆಗೆ ವಾರದ ಏಳೂ ದಿನ ಭಾನುವಾರವಾಗಬಹುದು. ಆದರೆ ಹೊರಟುಬರಲು ಕೈಯಲ್ಲಿ ಕಾಸಿರಬೇಕು.

ಶರಾವತಿಯ ಕಡೆಯದು ಇನ್ನೊಂದು ಬಗೆ. 1940ರ ದಶಕದಲ್ಲಿ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ತಾಳಗುಪ್ಪದವರೆಗೆ ಬಂದ ರೈಲು ಪ್ರವಾಸಿಗಳನ್ನು ತಂದಂತೆಯೇ ಅಣೆಕಟ್ಟಿನ ಕಾಲವನ್ನೂ ತಂದಿತ್ತು. ನೀರು ಏರಿದಾಗ ಮುಳುಗಿದ್ದು ಕಣಿವೆಯ ಗದ್ದೆಗಳು, ಅಂದರೆ ಭೂಮಣ್ಣಿ ಬುಟ್ಟಿ ಇಳಿಯುತ್ತಿದ್ದ ಜಾಗಗಳು. ಎದ್ದು ಬಂದ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಬೇರೆಬೇರೆ ಕಡೆ ನೆಲೆಗೊಳಿಸಿದರು. ಹಕ್ಕುಪತ್ರದ ವಿವಾದ ಇಂದಿಗೂ ಪೂರ್ತಿ ತೀರಿಲ್ಲ. ಪತ್ರವಿಲ್ಲದ ಗದ್ದೆಗೂ ಅವರು ಸೀಗೆ ಹುಣ್ಣಿಮೆಯಂದು ಬುಟ್ಟಿ ಒಯ್ಯುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ, ಬೇಸಿಗೆಯ ಕೊನೆಗೆ ಹಿನ್ನೀರು ಇಳಿದಾಗ, ಮಡೇನೂರಿನ ಹಳೆಯ ಅಣೆಕಟ್ಟು ತಾನೂ ಮುಳುಗಿದ್ದ ನೀರಿನಿಂದ ಮೇಲೆದ್ದು ಕಾಣಿಸಿಕೊಳ್ಳುತ್ತದೆ. ಸುದ್ದಿ ತಿಳಿದೊಡನೆ ಶಿವಮೊಗ್ಗ, ಸಾಗರದ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಜನ ನೋಡಲು ಹೋಗುತ್ತಾರೆ. ಬಿರುಕುಬಿಟ್ಟ ಕೆಸರಿನ ನಡುವೆ ಅಲ್ಲಲ್ಲಿ ಒಣಗಿದ ಮರದ ಬೊಡ್ಡೆಗಳು ನಿಂತಿರುತ್ತವೆ, ನೆರಳೆಂಬುದಿರುವುದಿಲ್ಲ. ಡಬ್ಬಿಯನ್ನು ಕಾರಿನೊಳಗೇ ಕೂತು ಬಿಚ್ಚಬೇಕಾಗುತ್ತದೆ.